ಬಿಳಿ ಗೆರೆ ದಾಟಬಾರದು ಅಂತ ವೈರಸ್‌ಗೆ ಹೇಳಿದವರ್ಯಾರು?

ಮಂಡ್ಯದ ಹತ್ತಿರ, ವಿ.ಸಿ. ನಾಲೆ ಪಕ್ಕದ ಒಂದು ಊರಿನಲ್ಲಿ ಮಕ್ಕಳಿಗೆ ವಾಂತಿ-ಭೇದಿ ಶುರುವಾಯಿತು. ಊರಿನ ಹೆಸರು ಬೇಡ, ನಮ್ಮ ಮನೆಗೆ ಹಾಲು ಅಲ್ಲಿಂದಲೇ ಬರುತ್ತದೆ. ಸುದ್ದಿ ಹಬ್ಬಿತು, ಸಾಹೇಬರು ಬರುತ್ತಾರೆ ಅಂತಾಯಿತು. ರಾತ್ರೋರಾತ್ರಿ ರಸ್ತೆಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರ್ ಗೆರೆ ಬಿತ್ತು. ಎಂಥ ಗೆರೆ ಅಂತೀರಿ! ದಾರ ಹಿಡಿದೇ ಎಳೆದಿರಬೇಕು. ಚರಂಡಿ ಬಂದ ಕಡೆ ಮಾತ್ರ ನಾಜೂಕಾಗಿ ಪಕ್ಕಕ್ಕೆ ಸರಿದು, ಮತ್ತೆ ಟಾರಿನ ಅಂಚಿಗೆ ಬಂದು ಸೇರಿತ್ತು. ಚರಂಡಿಗೆ ಒಂದು ಚಿಟಿಕೆಯೂ ಬಿದ್ದಿರಲಿಲ್ಲ.

ಸಾಹೇಬರು ಕಾರಿನಿಂದ ಇಳಿದರು. ಗೆರೆ ನೋಡಿ "ಗುಡ್" ಅಂದರು. ಫೋಟೊ ಆಯಿತು.

ಬ್ಲೀಚಿಂಗ್ ಪೌಡರ್ ಮೇಲೆ ನನಗೇನೂ ಸಿಟ್ಟಿಲ್ಲ. ಸರಿಯಾದ ಅಳತೆಯಲ್ಲಿ ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟರೆ ಕ್ಲೋರಿನ್ ತನ್ನ ಕೆಲಸ ಮಾಡುತ್ತದೆ. ಒಣ ರಸ್ತೆ ಮೇಲೆ ಬಿದ್ದರೆ ಬೆಳ್ಳಗೆ ಕಾಣುತ್ತದೆ, ಅಷ್ಟೇ.

ಮಕ್ಕಳ ಡಾಕ್ಟರ್ "ರೋಟಾವೈರಸ್ ಇರಬಹುದು" ಅಂದರು. ಹೌದೋ ಅಲ್ಲವೋ ಅಂತ ತಿಳಿಯಲು ಮಲ ಪರೀಕ್ಷೆ ಆಗಬೇಕು. ಅದನ್ನು ಯಾರೂ ಮಾಡಿಸಲಿಲ್ಲ, ಫೋಟೊಗೆ ಚೆನ್ನಾಗಿರಲ್ಲ ನೋಡಿ. ಆದರೂ ಎದುರಾಳಿ ಯಾರು ಅಂತ ತಿಳಿದುಕೊಳ್ಳೋಣ ಎಂದು ನಾನು ಓದಲು ಕೂತೆ. ಓದುತ್ತಾ ಓದುತ್ತಾ ನನಗೆ ವೈರಸ್ ಮೇಲೆ ಗೌರವ ಬಂತು, ಇಲಾಖೆ ಮೇಲೆ ಕನಿಕರ ಬಂತು.

1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿ ಹತ್ತಿದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದಾಗ ಸಿಕ್ಕಿದ್ದು ಇದು. ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 10,000 ವೈರಸ್ ಸಾಲಾಗಿ ನಿಲ್ಲಬಹುದು. ಇಷ್ಟು ಚಿಕ್ಕ ಕಚೇರಿಯಲ್ಲಿ ಕಡತ ಎಷ್ಟು ಗೊತ್ತಾ? ಬರೀ 11. ಹನ್ನೊಂದು ತುಂಡು ಆರ್‌ಎನ್‌ಎ, ಅಂದರೆ ವೈರಸ್ ಕಟ್ಟುವ ವಿವರವೆಲ್ಲ ಬರೆದಿರುವ ಎಳೆ, ಒಂದೊಂದೂ ಎರಡೆಳೆಯದ್ದು. ಅದರ ಸುತ್ತ ಪ್ರೋಟೀನಿನ ಮೂರು ಕವಚ. ಹೊಸದೊಂದು ವೈರಸ್ ಕಟ್ಟುವಾಗ ಹನ್ನೊಂದರಲ್ಲಿ ಒಂದು ಕಡತ ಕಮ್ಮಿಯಾದರೂ ಅದು ಕೆಲಸಕ್ಕೆ ಬಾರದು. ನಮ್ಮಲ್ಲಿ ಖಾತೆ ಬದಲಾವಣೆಗೆ ಕೊಟ್ಟ ನಾಲ್ಕು ಜೆರಾಕ್ಸ್‌ನಲ್ಲಿ ಮೂರು ಕಳೆದರೂ ಕಚೇರಿ ಹಾಯಾಗಿ ನಡೆಯುತ್ತದೆ.

ಸಿಬ್ಬಂದಿ ವಿಷಯಕ್ಕೆ ಬನ್ನಿ. ಇಂಥ ಆರ್‌ಎನ್‌ಎ ನೋಡಿ ನಕಲು ತೆಗೆಯುವ ಗುಮಾಸ್ತ ನಮ್ಮ ಜೀವಕೋಶದಲ್ಲಿ ಇಲ್ಲ. "ಪೋಸ್ಟ್ ಖಾಲಿ ಇದೆ, ನಾಳೆ ಬನ್ನಿ" ಅಂತ ವೈರಸ್ ಹೇಳುವುದಿಲ್ಲ. ತನ್ನ ಗುಮಾಸ್ತನನ್ನು ತಾನೇ ಕರೆದುಕೊಂಡು ಬರುತ್ತದೆ. ಅವನೂ ಒಂದು ಪ್ರೋಟೀನೇ, ಹೆಸರು ವಿಪಿ1. ಪಕ್ಕದಲ್ಲೇ ವಿಪಿ3, ಪ್ರತಿ ನಕಲಿನ ತಲೆಗೂ ಸೀಲು ಹೊಡೆಯುವವನು. ಸೀಲು ಬಿದ್ದ ಮೇಲೆ ನಮ್ಮ ಕೋಶ ಅದನ್ನು ತನ್ನದೇ ಕಾಗದ ಅಂದುಕೊಂಡು ತಗಾದೆಯಿಲ್ಲದೆ ಪ್ರೋಟೀನ್ ತಯಾರಿಸಿ ಕೊಡುತ್ತದೆ. ಕೋಶದ ಒಳಗೆ ಬಂದಾಗ ವೈರಸ್ ಕಳಚುವುದು ಹೊರಗಿನ ಕವಚ ಒಂದನ್ನೇ. ಮೂಲ ಕಡತಗಳು ಒಳಗಿನ ಎರಡು ಕವಚದಲ್ಲೇ ಭದ್ರ, ನಕಲು ಮಾತ್ರ ಸಣ್ಣ ಕಿಂಡಿಗಳಿಂದ ಹೊರಗೆ. ಯಾಕೆಂದರೆ ಎರಡೆಳೆ ಆರ್‌ಎನ್‌ಎ ಕಣ್ಣಿಗೆ ಬಿದ್ದರೆ ಕೋಶದ ಕಾವಲುಗಾರರು ಗಲಾಟೆ ಎಬ್ಬಿಸುತ್ತಾರೆ. ಇಂಥ ರೆಕಾರ್ಡ್ ರೂಮ್ ಒಂದು ನಮ್ಮ ತಾಲ್ಲೂಕಿಗೆ ಕೊಡಿಸಿ ಸ್ವಾಮಿ!

ಒಳಗಿನವರ ಕೈವಾಡವೂ ಇದೆ. ವೈರಸ್ ಮೈಮೇಲಿನ ಮುಳ್ಳನ್ನು ಕತ್ತರಿಸಿ ಹದ ಮಾಡಿಕೊಡುವುದು ನಮ್ಮ ಕರುಳಿನ ಟ್ರಿಪ್ಸಿನ್, ಅನ್ನದ ಜೊತೆ ತಿಂದ ಬೇಳೆ ಕರಗಿಸಲು ಇರುವ ಅದೇ ರಸ. ಆಮೇಲೆ ಎನ್‌ಎಸ್‌ಪಿ4 ಅನ್ನೋ ಪ್ರೋಟೀನ್ ವಿಷದ ಕೆಲಸ ಮಾಡಿ ಕರುಳಿನಿಂದ ನೀರು ಸುರಿಸುತ್ತದೆ. ವೈರಸ್ಸೂ ಇಂಥ ವಿಷ ತಯಾರಿಸುತ್ತದೆ ಅಂತ ಜಗತ್ತಿಗೆ ತಿಳಿದದ್ದು 1996ರಲ್ಲಿ.

ಇತ್ತ ನಮ್ಮವರು ನೀರಿನ ಸ್ಯಾಂಪಲ್ ತೆಗೆದರು. ಎಲ್ಲಿ? ಓವರ್‌ಹೆಡ್ ಟ್ಯಾಂಕಿನಲ್ಲಿ. ಪೈಪು ಚರಂಡಿಯೊಳಗೆ ಹಾಯುವುದು ಟ್ಯಾಂಕ್ ದಾಟಿದ ಮೇಲೆ. ಅಲ್ಲಿ ಜಾಯಿಂಟಿಗೆ ನೀರಗಂಟಿ ಸೈಕಲ್ ಟ್ಯೂಬ್ ಸುತ್ತಿದ್ದಾನೆ. ಪರೀಕ್ಷೆಯ ಬಾಟಲಿ ಕಪ್ಪಾಗಲಿಲ್ಲ, "ನೀರು ಸುರಕ್ಷಿತ" ಅಂತ ವರದಿ ಬಂತು. ಆ ಬಾಟಲಿ ಕಪ್ಪಾಗುವುದು ಬ್ಯಾಕ್ಟೀರಿಯಾ ಬೆಳೆದರೆ. ವೈರಸ್ ಅದರಲ್ಲಿ ಬೆಳೆಯುವುದೇ ಇಲ್ಲ. ಟ್ಯೂಬ್ ಬಗ್ಗೆ ಕೇಳಿದ್ದಕ್ಕೆ "ಎಸ್ಟಿಮೇಟ್ ಹೋಗಿದೆ" ಅಂದರು.

ಜನ ಏನು ಕಮ್ಮಿಯಾ? ಕ್ಲಿನಿಕ್ ಮುಂದೆ ಒಂದೇ ಕೂಗು: "ಮಗೀಗೊಂದ್ ಬಾಟ್ಲು ಹಾಕ್ಬುಡಿ ಸಾ, ಎದ್ ಕೂತ್ಕತ್ತದೆ." ಮೆಡಿಕಲ್ ಸ್ಟೋರಿನಲ್ಲಿ ಆ್ಯಂಟಿಬಯಾಟಿಕ್ ಕಡಲೆಪುರಿಗಿಂತ ಜೋರಾಗಿ ಹೋಯಿತು. ವೈರಸ್ ಮೇಲೆ ಅದಕ್ಕೆ ಕವಡೆ ಕಾಸಿನ ಪ್ರಭಾವವಿಲ್ಲ. ಓಆರ್‌ಎಸ್ ಪೊಟ್ಟಣವನ್ನು ಮಾತ್ರ ಯಾರೂ ಕೇಳಲಿಲ್ಲ, ಅಗ್ಗದ್ದು ಅಲ್ವಾ, ಕೆಲಸ ಮಾಡುತ್ತೆ ಅನ್ನೋ ನಂಬಿಕೆ ಬರಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಕರುಳೊಳಗೆ ಹೋಗುವಾಗ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಸಕ್ಕರೆ ನಾಡಿನಲ್ಲಿ ಆರು ಚಮಚ ಸಕ್ಕರೆಗೆ ಮರ್ಯಾದೆ ಇಲ್ಲ! ಮಗು ಸುಸ್ತಾಗಿ ಮಂಕಾದರೆ, ಉಚ್ಚೆ ಹೋಗದಿದ್ದರೆ ಡ್ರಿಪ್ ಬಾಟಲಿ ಬೇಕಾಗಬಹುದು, ಅದನ್ನು ಡಾಕ್ಟರ್ ಹೇಳಲಿ.

ಲಸಿಕೆಯೂ ಇದೆ. ದೆಹಲಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ಕಾಯಿಲೆ ತರದೆ ತಣ್ಣಗಿದ್ದ ವೈರಸ್ ತಳಿಯೊಂದನ್ನು ಹಿಡಿದು ನಮ್ಮ ದೇಶದಲ್ಲೇ ರೊಟಾವ್ಯಾಕ್ ಮಾಡಿದರು. 2016ರಿಂದ ಸರ್ಕಾರದ ಲಸಿಕೆ ಪಟ್ಟಿಗೆ ರೋಟಾ ಸೇರಿತು. 6, 10, 14 ವಾರಕ್ಕೆ ಬಾಯಿಗೆ ಹಾಕುತ್ತಾರೆ, ಸೂಜಿಯೂ ಇಲ್ಲ, ದುಡ್ಡೂ ಇಲ್ಲ. ಭೇದಿ ಪೂರ್ತಿ ನಿಲ್ಲುತ್ತೆ ಅಂತಲ್ಲ, ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಮ್ಮಿಯಾಗುತ್ತದೆ. ಸಾಹೇಬರ ಭಾಷಣದಲ್ಲಿ ಇದು ಬರಲಿಲ್ಲ. ಗೆರೆಯನ್ನು ಇನ್ನೂ ಮೂರು ರಸ್ತೆಗೆ ವಿಸ್ತರಿಸುವ ಘೋಷಣೆ ಬಂತು, ಚಪ್ಪಾಳೆ ಬಿತ್ತು.

ಕೊನೆಗೆ ಯಾರೋ ಬುದ್ಧಿವಂತರು ಈ ವೈರಸ್ ಜಾಸ್ತಿ ಹರಡುವುದು ಕೈಯಿಂದ ಕೈಗೆ ಅಂತ ತಿಳಿಸಿದರು. ತಕ್ಷಣ ಜಾಗೃತಿ ಜಾಥಾ! ಶಾಲೆ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ, ಕೈಗೊಂದು ರಟ್ಟಿನ ಬೋರ್ಡು ಕೊಟ್ಟರು: "ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ". ಊರೆಲ್ಲ ಸುತ್ತಿ ಬಂದ ಮೇಲೆ ಚಿತ್ರಾನ್ನ. ಅವತ್ತು ನೀರು ಬಿಡುವ ದಿನವಲ್ಲ, ನಲ್ಲಿ ಒಣಗಿತ್ತು. ಮೂರನೇ ಕ್ಲಾಸಿನ ಒಬ್ಬ ಹುಡುಗ ನಲ್ಲಿ ತಿರುಗಿಸಿ ನೋಡಿದ, ಮೇಷ್ಟ್ರ ಮುಖ ನೋಡಿದ, ಬೋರ್ಡಿನ ಹಿಂಭಾಗಕ್ಕೆ ಎರಡೂ ಕೈ ಚೆನ್ನಾಗಿ ಒರೆಸಿಕೊಂಡು ಊಟಕ್ಕೆ ಕೂತ.