ಚುಕ್ಕಿ ಬೇಕೋ ಕಾಮಾ ಬೇಕೋ, ಒತ್ತುವವರು ಹೇಳಲಿ

ಈಗಷ್ಟೇ ಒಂದು ಸ್ಕ್ರೀನ್ ಶೇರ್ ಮುಗಿಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಆ ಕಡೆ ಕೂತಿದ್ದ ಸಹೋದ್ಯೋಗಿಯದು ಜರ್ಮನ್ ಕೀಬೋರ್ಡ್. ಒಂದು ಐಪಿ ಅಡ್ರೆಸ್ ಹಾಕಬೇಕಿತ್ತು, ಅಂದರೆ ನಡುನಡುವೆ ಚುಕ್ಕಿ ಇರುವ ಅಂಕಿಗಳ ನೆಟ್‌ವರ್ಕ್ ವಿಳಾಸ. ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 192 ಒತ್ತಿದರು, ಆಮೇಲೆ ಅಲ್ಲೇ ಇರುವ ಡೆಸಿಮಲ್ (ದಶಮಾಂಶ) ಕೀ. ಬಿದ್ದಿದ್ದು ಕಾಮಾ. ಅಳಿಸಿ, ಕೈ ಎತ್ತಿ, ಅಕ್ಷರಗಳ ಕಡೆ ಇರುವ ಚುಕ್ಕಿ ಒತ್ತಿದರು. 168 ಆದ ಮೇಲೆ ಮತ್ತೆ ಅದೇ ಪಾಡು. "ಇದು ದಿನಾ ಇದ್ದದ್ದೇ" ಅಂದರು. ಆ ಮಾತೇ ನನಗೆ ಜಾಸ್ತಿ ಚುಚ್ಚಿತು. ಯಾಕೆ ದಿನಾ ಇರಬೇಕು?

"ಪಕ್ಕದಲ್ಲೇ ಇನ್ನೊಂದು ಚುಕ್ಕಿ ಇದೆಯಲ್ವಾ, ಅದನ್ನು ಒತ್ತಿದರೆ ಆಯ್ತು" ಅಂತ ಕೆಲವರು ಹೇಳುತ್ತಾರೆ. ನನ್ನ ಕೆಲಸ ಅಂದರೆ ಬೆಳಗ್ಗಿಂದ ಸಂಜೆವರೆಗೆ ಅಂಕಿ ಹೊಡೆಯುವುದೇ. ನಡುಬೆರಳು 5ರ ಮೇಲಿನ ಸಣ್ಣ ಉಬ್ಬಿನ ಮೇಲೆ, ಹೆಬ್ಬೆರಳು 0 ಮೇಲೆ, ಉಂಗುರಬೆರಳು ಡೆಸಿಮಲ್‌ಗೆ. ಕಣ್ಣು ಕಾಗದ ಬಿಟ್ಟು ಕದಲಬಾರದು, ನಂಬರ್ ಪ್ಯಾಡ್ ಇರುವುದೇ ಅದಕ್ಕೆ. ಪ್ರತಿ ಚುಕ್ಕಿಗೂ ಕೈ ಎತ್ತಬೇಕು ಅನ್ನುವವರು ಒಂದು ಪುಟ ಅಂಕಿ ಹೊಡೆದು ನೋಡಿ ಆಮೇಲೆ ಮಾತಾಡಲಿ.

ಇದರಲ್ಲಿ ಒಂದು ನಿಯಮವಾದರೂ ಇದೆಯಾ ಅಂದರೆ ಅದೂ ಇಲ್ಲ. ಮೂರೂವರೆಯನ್ನು ಜರ್ಮನಿಯಲ್ಲೂ ಫ್ರಾನ್ಸ್‌ನಲ್ಲೂ 3,5 ಅಂತಲೇ ಬರೆಯುತ್ತಾರೆ. ಆದರೆ ವಿಂಡೋಸ್‌ನ ಜರ್ಮನ್ ಲೇಔಟ್‌ನಲ್ಲಿ (ಕೀಗಳ ಜೋಡಣೆಯಲ್ಲಿ) ಆ ಡೆಸಿಮಲ್ ಕೀ ಕಾಮಾ ಕೊಡುತ್ತದೆ, ಹಳೆಯ ಫ್ರೆಂಚ್ ಲೇಔಟ್‌ನಲ್ಲಿ ಚುಕ್ಕಿ! ಇದರ ಮೇಲೆ ಎಕ್ಸೆಲ್ ಬೇರೆ. ಅದು ವಿಂಡೋಸ್‌ನ ರೀಜನ್ ಸೆಟ್ಟಿಂಗ್ (ಯಾವ ದೇಶದ ರೂಢಿ ಅನ್ನುವುದು) ನೋಡಿ ತನ್ನದೇ ತೀರ್ಮಾನ ಮಾಡುತ್ತದೆ. ಹಾಗಾಗಿ ಫ್ರೆಂಚ್ ಲೆಕ್ಕಿಗರಿಗೆ ಅದೇ ಕೀ ಎಕ್ಸೆಲ್‌ನಲ್ಲಿ ಕಾಮಾ, ನೋಟ್‌ಪ್ಯಾಡ್‌ನಲ್ಲಿ ಚುಕ್ಕಿ. ತಪ್ಪಿದರೆ ಸುಮ್ನೆ ಬಿಡುವುದೂ ಇಲ್ಲ. ಜರ್ಮನ್ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ ಅಕ್ಷರಗಳ ಕಡೆಯ ಚುಕ್ಕಿ ಹಾಕಿ 3.5 ಅಂತ ಬರೆಯಿರಿ, ಅದನ್ನು ತಾರೀಖು ಅಂದುಕೊಂಡು ಮೇ 3 ಮಾಡಿ ಕೂರಿಸುತ್ತದೆ.

ಜಗತ್ತೆಲ್ಲ ಒಂದೇ ಚಿಹ್ನೆ ಬಳಸಲಿ ಅನ್ನುವವರೂ ಇದ್ದಾರೆ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವೇ 2003ರಲ್ಲಿ ಚುಕ್ಕಿಯೂ ಸರಿ, ಕಾಮಾವೂ ಸರಿ ಅಂದಿದೆ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಅಷ್ಟಕ್ಕೂ ಒಬ್ಬರಿಗೇ ಎರಡೂ ಬೇಕು. ಜರ್ಮನ್ನರಿಗೆ ಮೊತ್ತಕ್ಕೆ ಕಾಮಾ, 24.12 ಅಂತ ತಾರೀಖಿಗೆ ಚುಕ್ಕಿ, ಕೋಡ್ ಬರೆಯುವಾಗಲೂ ಚುಕ್ಕಿ.

ದಾರಿ ಇಲ್ಲ ಅಂತಲ್ಲ, ಅದಕ್ಕೇ ಇಷ್ಟು ಕೋಪ. ಬ್ರೆಜಿಲ್‌ನ ಎಬಿಎನ್‌ಟಿ2 ಕೀಬೋರ್ಡ್‌ನಲ್ಲಿ ನಂಬರ್ ಪ್ಯಾಡ್‌ಗೇ ಎರಡು ಕೀ ಕೊಟ್ಟಿದ್ದಾರೆ, ಚುಕ್ಕಿಗೊಂದು ಕಾಮಾಗೊಂದು. ನೋಡಿದಾಗ ಎಷ್ಟು ಖುಷಿಯಾಯಿತು ಗೊತ್ತಾ! ಲಿನಕ್ಸ್‌ನಲ್ಲಿ ಈ ಕೀಗೆಂದೇ 'ಕೆಪಿಡಿಎಲ್' ಅನ್ನುವ ಆಯ್ಕೆ ಇದೆ. ಚುಕ್ಕಿ, ಕಾಮಾ, ಪರ್ಷಿಯನ್ನರ ದಶಮಾಂಶ ಚಿಹ್ನೆ, ಯಾವುದು ಬೇಕಾದರೂ ಆರಿಸಬಹುದು. ಎಕ್ಸೆಲ್ ಥರದ್ದೇ ಕೆಲಸ ಮಾಡುವ ಲಿಬ್ರೆಆಫೀಸ್‌ನಲ್ಲಿ ಇದಕ್ಕೆ ಒಂದು ಟಿಕ್ ಸಾಕು. ವಿಂಡೋಸ್‌ನಲ್ಲಿ ಮಾತ್ರ ರೀಜನ್‌ಗೆ ಹೋಗಿ ಡೆಸಿಮಲ್ ಚಿಹ್ನೆ ಬದಲಿಸಿದರೂ ನೋಟ್‌ಪ್ಯಾಡ್‌ನಲ್ಲಿ ಆ ಕೀ ಹಳೆಯದನ್ನೇ ಹಾಕುತ್ತದೆ.

ವಿಂಡೋಸ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಸಾಲು ಬೇಕು: ಈ ಕೀ ಏನು ಹಾಕಬೇಕು? ವಿಂಡೋಸ್ ಬಗ್ಗೆ ದೂರು, ಸಲಹೆ ಬರೆಯುವ ಫೀಡ್‌ಬ್ಯಾಕ್ ಹಬ್‌ನಲ್ಲಿ ಇವತ್ತೇ ಬರೆಯುತ್ತಿದ್ದೇನೆ. ಅಂಕಿ ಹೊಡೆದೇ ಬದುಕುವ ಗೆಳೆಯರೇ, ನೀವೂ ಬರೆಯಿರಿ.