ನಿದ್ದೆಗೆಟ್ಟ ಸುದ್ದಿ

ನಮ್ಮ ಮಂಡ್ಯದ ಕಡೆ ಚಿರತೆ ಬೋನಿಗೆ ಬಿದ್ದರೆ ಶೀರ್ಷಿಕೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ‘ಗ್ರಾಮಸ್ಥರ ನಿದ್ದೆಗೆಡಿಸಿದ್ದ ಚಿರತೆ ಸೆರೆ.’ ಕೊನೆಯ ಸಾಲಿನಲ್ಲಿ ಗ್ರಾಮಸ್ಥರು ನಿಟ್ಟುಸಿರು ಬಿಡಲೇಬೇಕು. ಚಿರತೆ ಮಾತ್ರ ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ಹಾಯಾಗಿ ಮಲಗಿರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ.

ಇಪ್ಪತ್ತು ವರ್ಷದ ಹಿಂದೆ ನಾನೂ ಒಂದು ಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದೆ. ಸುದ್ದಿಯಲ್ಲಿ ನಿದ್ದೆ ಬರುವುದು ಅಧಿಕಾರಿಗಳಿಗೆ ಮಾತ್ರ ಅಂತ ಆಗಲೇ ಗೊತ್ತಾಯಿತು. ರೈತರಿಗೆ ಇಲ್ಲವೇ ಇಲ್ಲ. ಬೆಲ್ಲದ ಬೆಲೆ ಬಿದ್ದರೂ ಅವರ ನಿದ್ದೆ ಕೆಡುತ್ತದೆ, 124.80 ಅಡಿಯ ಕೆಆರ್‌ಎಸ್‌ನಲ್ಲಿ ನೀರು ಇಳಿದರೂ ಕೆಡುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತು ಅಂತ ಬ್ಯಾಟರಿ ಹಿಡಿದು ಗದ್ದೆಗೆ ಓಡುತ್ತಾರಲ್ಲ, ಆ ನಿಜವಾದ ನಿದ್ದೆಗೇಡು ಒಳಪುಟದ ಮೂಲೆಯಲ್ಲಿ ‘ವಿದ್ಯುತ್ ಸಮಸ್ಯೆ’ ಅಂತ ಮುಗಿದುಹೋಗುತ್ತದೆ.

ಅಧಿಕಾರಿಗಳದ್ದು ಯಾವಾಗಲೂ ಕುಂಭಕರ್ಣನ ನಿದ್ದೆ. ಪಾಪ, ಕುಂಭಕರ್ಣ ಆರು ತಿಂಗಳಾದ ಮೇಲಾದರೂ ಏಳುತ್ತಿದ್ದ. ಅಣ್ಣನಿಗೆ ಕಷ್ಟ ಬಂದಾಗ ಅರ್ಧ ನಿದ್ದೆಯಲ್ಲಿ ಎಬ್ಬಿಸಿದರೂ ಎದ್ದು ಹೋಗಿ ಜೀವ ಕೊಟ್ಟ. ಅಂಥ ಸೇವೆಯನ್ನು ನಾನು ಯಾವ ಇಲಾಖೆಯಲ್ಲೂ ಕಂಡಿಲ್ಲ. ಇನ್ನು ಕಾವೇರಿ ಉದ್ದಕ್ಕೂ, ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ ಅಂತ ಮೂರು ಕಡೆ ರಂಗನಾಥ ಮಲಗಿಕೊಂಡೇ ಭಕ್ತರ ಅರ್ಜಿ ವಿಚಾರಿಸುತ್ತಾನೆ. ಅವನದ್ದು ಯೋಗನಿದ್ರೆ. ಯಾರೂ ಕೇಳುವ ಹಾಗಿಲ್ಲ.

ಒಂದು ಸಲ ನಿಜವಾಗಿ ನಿದ್ದೆ ಮಾಡಿದ್ದು ನಾನು. ಪೇಟೆಬೀದಿ ಚರಂಡಿ ಕಟ್ಟಿಕೊಂಡು ವಾರವಾಗಿತ್ತು. ಹಿಂದಿನ ರಾತ್ರಿ ಊರಹಬ್ಬ, ಬೆಳಗಿನ ಜಾವದವರೆಗೂ ಪೌರಾಣಿಕ ನಾಟಕ. ತೂಕಡಿಸುತ್ತಲೇ ವರದಿ ಬರೆದು ಫ್ಯಾಕ್ಸ್ ಮಾಡಿ ಬಂದು ಬಿದ್ದುಕೊಂಡೆ. ಕುಂಭಕರ್ಣನನ್ನು ಬರೆದೂ ಬರೆದೂ ಬೇಜಾರಾಗಿತ್ತು, ಹೊಸ ಪದ ಇರಲಿ ಅನ್ನಿಸಿರಬೇಕು. ಬೆಳಿಗ್ಗೆ ನೋಡಿದರೆ ‘ಚಿರನಿದ್ರೆಯಲ್ಲಿ ಎಂಜಿನಿಯರ್’. ಪಕ್ಕದಲ್ಲಿ ಅವರ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇರೆ.

ಒಂಬತ್ತು ಗಂಟೆಗೆ ಫೋನ್ ಬಂತು.

“ಯಾರು ಸಾರ್?”

“ನಾನೇ ಕಣ್ರೀ, ಚಿರನಿದ್ರೆಯಲ್ಲಿರೋನು.”

ನಾಗಮಂಗಲದಿಂದ ಅವರ ಸೋದರಮಾವ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರಂತೆ. ಕೈಯಲ್ಲಿ ಸುಗಂಧರಾಜದ ಹಾರ. ಬಾಗಿಲು ತೆಗೆದದ್ದು ಸಾಕ್ಷಾತ್ ಮೃತರೇ, ಹಲ್ಲುಜ್ಜುತ್ತಾ. ಮಾವ ಹಾರವನ್ನು ಬೆನ್ನ ಹಿಂದೆ ಅಡಗಿಸಿಕೊಂಡು, “ಏನಿಲ್ಲ ಕಣಪ್ಪ, ಸುಮ್ನೆ ನೋಡ್ಕೊಂಡು ಹೋಗಾನ ಅಂತ ಬಂದೆ” ಅಂದರಂತೆ.

ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕ್ಷಮೆ ಕೇಳಿದೆ. ಮಾರನೇ ದಿನ ತಿದ್ದುಪಡಿಯೂ ಬಂತು: ‘ನಿನ್ನೆಯ ವರದಿಯಲ್ಲಿ ಚಿರನಿದ್ರೆ ಎಂದಿರುವುದನ್ನು ಗಾಢನಿದ್ರೆ ಎಂದು ಓದಿಕೊಳ್ಳಬೇಕು.’

ಅವತ್ತು ಅವರು ಇನ್ನೂ ಜಾಸ್ತಿ ಕೂಗಾಡಿದರು. “ಮೊದಲನೇದೇ ವಾಸಿ ಇತ್ತಲ್ರೀ! ಸತ್ತೋನಿಗೆ ಯಾರೂ ನೋಟಿಸ್ ಕೊಡಲ್ಲ!”

ಆದರೂ ಮೂರನೇ ದಿನ ತಾವೇ ಮುಂದೆ ನಿಂತು ಚರಂಡಿ ತೆಗೆಸಿದರು. ನಾನೂ ರೂಢಿಯಂತೆ ‘ಕೊನೆಗೂ ಎಚ್ಚೆತ್ತ ಎಂಜಿನಿಯರ್’ ಅಂತ ಬರೆದು ಕಳಿಸಿದೆ. ಅವ್ವನಿಗೆ ಓದು ಬರುವುದಿಲ್ಲ. ನನ್ನ ಹೆಸರಿನ ಸುದ್ದಿಯನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ಅವತ್ತು ಮೊರದಲ್ಲಿ ರಾಗಿ ಕೇರುತ್ತಾ ಕೇಳಿಸಿಕೊಂಡವಳು ಕೈ ನಿಲ್ಲಿಸಿ ಕೇಳಿದಳು.

“ಅದೇ ಸತ್ತೋದ್ನಲ್ಲ, ಅವ್ನೇ ಏನ್ಲಾ? ಹಾಲು ತುಪ್ಪದ ದಿನಕ್ಕೆ ಸರ್ಯಾಗಿ ಎದ್ಬುಟ್ನಾ?”