ಹಿಂದಿನ ಸೀಟಿನ ಹುಡುಗಿ

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ಲುಸಿಂಡಾ ವಿಲಿಯಮ್ಸ್ ಹಾಡು ಹಾಕಿದ್ದೆ. ಮಗಳು ಬಂದು, "ಯಾರಮ್ಮ ಇದು, ನಿದ್ದೆಗಣ್ಣಲ್ಲಿ ಹಾಡ್ತಿದ್ದಾಳಾ?" ಅಂದಳು. ನಗು ಬಂತು. ಮೊದಲ ಸಲ ಕೇಳಿದಾಗ ನನಗೂ ಹಾಗೇ ಅನ್ನಿಸಿತ್ತು. ಪದವನ್ನು ಬಿಡಿಸಿ ಹೇಳುವುದೇ ಇಲ್ಲ, ಎಳೆದು ಎಳೆದು ಕೊನೆ ಅಕ್ಷರವನ್ನು ನುಂಗಿಬಿಡುತ್ತಾಳೆ. (ಏಕವಚನಕ್ಕೆ ಬೇಜಾರು ಬೇಡ. ಇಷ್ಟದ ಹಾಡುಗಾರ್ತಿಗೆ ಬಹುವಚನ ಹಚ್ಚಲು ನಾಲಿಗೆ ಏಳುವುದಿಲ್ಲ.)

1953ರಲ್ಲಿ ಅಮೆರಿಕದ ಲೂಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ ಹುಟ್ಟಿದವಳು. ಅಪ್ಪ ಮಿಲ್ಲರ್ ವಿಲಿಯಮ್ಸ್ ಕವಿ, ಕಾಲೇಜು ಮೇಷ್ಟ್ರು. 1997ರಲ್ಲಿ ಕ್ಲಿಂಟನ್ ಎರಡನೇ ಸಲ ಅಧ್ಯಕ್ಷರಾದಾಗ ಸಮಾರಂಭದಲ್ಲಿ ಕವಿತೆ ಓದಿದ್ದು ಇವರೇ. ಮೇಷ್ಟ್ರ ಕೆಲಸದ ಹಿಂದೆ ಸಂಸಾರ ಊರೂರು ಅಲೆಯಿತು. ಅದಕ್ಕೇ ಇರಬೇಕು, ಅವಳ ಹಾಡುಗಳ ತುಂಬ ಊರ ಹೆಸರು: ಲೇಕ್ ಚಾರ್ಲ್ಸ್, ಲಾಫಯೆಟ್, ಬ್ಯಾಟನ್ ರೂಜ್, ಜಾಕ್ಸನ್. ನಾನು ಒಂದನ್ನೂ ನೋಡಿಲ್ಲ. ಆದರೂ ಕಂಡಕ್ಟರ್ ಸ್ಟಾಪ್ ಕೂಗಿದ ಹಾಗೆ ಅವಳು ಹೇಳುತ್ತಾ ಹೋದರೆ, ಎದ್ದು ಬ್ಯಾಗ್ ಇಳಿಸಿಕೊಳ್ಳೋಣ ಅನ್ನಿಸುತ್ತದೆ.

ಮೊದಲ ರೆಕಾರ್ಡ್ 1979ರಲ್ಲೇ ಬಂತು. ಆಮೇಲೆ ಶುರುವಾಯಿತು ತಾಪತ್ರಯ. ಲಾಸ್ ಏಂಜಲೀಸ್‌ನ ರೆಕಾರ್ಡ್ ಕಂಪನಿಯವರು ಇದು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಥರ ಇದೆ, ರಾಕ್ ಅಲ್ಲ ಅಂದರು. ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನವರು ಇದು ರಾಕ್, ಕಂಟ್ರಿ ಅಲ್ಲ ಅಂದರು. ಕಚೇರಿಯಲ್ಲಿ ಫೈಲು ಈ ಟೇಬಲ್ಲಿಂದ ಆ ಟೇಬಲ್ಲಿಗೆ ಓಡಾಡುತ್ತಲ್ವಾ, ಹಾಗೆ. ಕೊನೆಗೆ 1988ರಲ್ಲಿ ಅವಳ ಆಲ್ಬಂ ತಂದದ್ದು ಯಾರು ಗೊತ್ತಾ? ಪಂಕ್ ಎಂಬ ಅಬ್ಬರದ ರಾಕ್‌ಗೆ ಹೆಸರಾದ ಇಂಗ್ಲೆಂಡಿನ ರಫ್ ಟ್ರೇಡ್ ಕಂಪನಿ! ಅದರದೇ ಒಂದು ಹಾಡನ್ನು ಕಂಟ್ರಿ ಗಾಯಕಿ ಮೇರಿ ಚೇಪಿನ್ ಕಾರ್ಪೆಂಟರ್ ಹಾಡಿದಳು, ಅದನ್ನು ಬರೆದ ಲುಸಿಂಡಾಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಜನ ಜಾಸ್ತಿ ಮಾತಾಡುವುದು 1998ರ 'ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್' ಆಲ್ಬಂ ಬಗ್ಗೆ. ಹಿಂದಿನ ಆಲ್ಬಂ ಬಂದು 6 ವರ್ಷ ಆಗಿತ್ತು. ರೆಕಾರ್ಡ್ ಮಾಡಿದ್ದನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿಂದ ಹಾಡಿದಳು. ಪತ್ರಿಕೆಯವರು ಇವಳ ಜೊತೆ ಏಗುವುದು ಕಷ್ಟ ಎಂದು ಬರೆದರು. ನನಗೆ ಉರಿಯುವುದು ಇಲ್ಲೇ. ಇದನ್ನೇ ಗಂಡಸು ಮಾಡಿದ್ದರೆ ತಪಸ್ಸು ಅನ್ನುತ್ತಿದ್ದರು.

ಆ ಆಲ್ಬಂಗೂ ಗ್ರ್ಯಾಮಿ ಬಂತು. ಅದಿರಲಿ, ಆಲ್ಬಂ ಹೆಸರಿನದೇ ಹಾಡು ಕೇಳಿ. ಅಡುಗೆಮನೆಯಲ್ಲಿ ಕಾಫಿ, ಮೊಟ್ಟೆ ವಾಸನೆ. ಆಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಮಗು, ಮುಖದಲ್ಲಿ ಮಣ್ಣು, ಕಣ್ಣೀರು. ಯಾಕೆ ಅಳುತ್ತಿದೆ ಅಂತ ಹಾಡು ಹೇಳುವುದಿಲ್ಲ. ಅದು ತನ್ನದೇ ಚಿತ್ರ ಅಂತ ಅವಳಿಗೂ ಹೊಳೆದಿರಲಿಲ್ಲವಂತೆ. ಹಾಡು ಕೇಳಿದ ಅಪ್ಪ ಹತ್ತಿರ ಬಂದು ಕ್ಷಮೆ ಕೇಳಿದ ಮೇಲೇ ಗೊತ್ತಾಗಿದ್ದು. ಅಷ್ಟು ವರ್ಷ ಆದ ಮೇಲೆ! ಆ ಹಾಡಿಗೆ ಬಂದ ದೊಡ್ಡ ವಿಮರ್ಶೆ ಇದೇ ಅಂತ ನನ್ನ ಲೆಕ್ಕ.

2020ರ ನವೆಂಬರ್‌ನಲ್ಲಿ ಸ್ಟ್ರೋಕ್ ಆಯಿತು. ನಡೆಯುವುದನ್ನು ಮತ್ತೆ ಕಲಿತಳು, ಗಿಟಾರ್ ಮಾತ್ರ ಕೈಬಿಟ್ಟಿತು. ಬೇರೆಯವರಾದರೆ ಸಾಕು ಅನ್ನುತ್ತಿದ್ದರೇನೋ. ಇವಳು ಗಂಡ ಟಾಮ್ ಓವರ್‌ಬೀ, ಗೆಳೆಯ ಜೆಸ್ಸಿ ಮಾಲಿನ್ ಜೊತೆ ಕೂತು ಹಾಡು ಕಟ್ಟಿ, 2023ರಲ್ಲಿ ಹೊಸ ಆಲ್ಬಂ ತಂದಳು. ಅದೇ ವರ್ಷ ಆತ್ಮಕಥೆಯೂ ಬಂತು. ಈಗ ಗಿಟಾರ್ ನುಡಿಸುವವರು ಪಕ್ಕದಲ್ಲಿರುತ್ತಾರೆ, ಇವಳು ಮೈಕ್ ಮುಂದೆ ಬರಿಗೈಲಿ ನಿಲ್ಲುತ್ತಾಳೆ. ಮಗಳು ಹೇಳಿದ ಆ ನಿದ್ದೆಗಣ್ಣಿನ ದನಿ ಹಾಗೇ ಇದೆ.